ಅಫನಾಸಿಯ ಅಪ್ಪ ನಿಕೀತ: ಕತೆಯ ಪಾತ್ರಗಳಿಗೆ ಸ್ಲಾವಿಕ್ ಹೆಸರು ಇಡುವ ಬಗೆ

1470ರ ಆಸುಪಾಸಿನಲ್ಲಿ ಬೀದರಿಗೆ ಒಬ್ಬ ರಷ್ಯನ್ ವ್ಯಾಪಾರಿ ಬಂದಿದ್ದ. ವೋಲ್ಗಾ ದಂಡೆಯ ತ್ವೇರ್ ಅವನ ಊರು. ಮಾರುವುದಕ್ಕೆ ಒಂದು ಕುದುರೆ ಹಿಡಿದುಕೊಂಡು ಬಂದಿದ್ದ. ಚರಿತ್ರೆಯ ಪುಸ್ತಕಗಳಲ್ಲಿ ಅವನು ಅಫನಾಸಿ ನಿಕಿತಿನ್. ಆದರೆ 'ನಿಕಿತಿನ್' ಅನ್ನೋದು ಅವನ ಮನೆತನದ ಹೆಸರಲ್ಲ. 'ನಿಕೀತನ ಮಗ' ಅಂತ ಅದರ ಅರ್ಥ. ನಮ್ಮ ಕಡೆ ಓಡಾಡುವಾಗ ಅವನಿಗೆ ಇನ್ನೊಂದು ಹೆಸರೂ ಇತ್ತು: ಖೋಜಾ ಯೂಸುಫ್ ಖೊರಸಾನಿ. ಅದನ್ನೂ ತನ್ನ ಪ್ರವಾಸದ ಟಿಪ್ಪಣಿಯಲ್ಲಿ ಅವನೇ ಬರೆದಿಟ್ಟಿದ್ದಾನೆ.

ಇರುವುದು ಒಬ್ಬನೇ ಮನುಷ್ಯ. ಯಾವ ಊರಲ್ಲಿದ್ದಾನೆ, ಯಾವ ಕಾಲದವನು, ಕರೆಯುತ್ತಿರುವವರು ಯಾರು ಅನ್ನುವುದರ ಮೇಲೆ ಹೆಸರು ಬದಲಾಗುತ್ತದೆ. ಸ್ಲಾವಿಕ್ ಪಾತ್ರವನ್ನು, ಅಂದರೆ ರಷ್ಯಾ, ಪೋಲೆಂಡ್, ಸರ್ಬಿಯಾದಂಥ ನಾಡುಗಳ ಪಾತ್ರವನ್ನು, ಕತೆಗೆ ತರುವವರು ಈ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಅರ್ಧ ಕೆಲಸ ಆದಂತೆ. ಇನ್ನೊಂದು ಸಂಗತಿ ನೋಡಿ. ನಿಕೀತ ಅಫನಾಸಿಯ ಅಪ್ಪ. ನಮ್ಮಲ್ಲಿ ನಿಕಿತಾ ಹುಡುಗಿಯ ಹೆಸರು, ಅಲ್ವಾ? ರಷ್ಯಾದಲ್ಲಿ ನಿಕೀತ, ಮೀಶ, ಕೋಲ್ಯ, ಇಲ್ಯಾ ಎಲ್ಲರೂ ಗಂಡುಮಕ್ಕಳು.

ಕನ್ನಡದಲ್ಲಿ ಬರೆಯುವವರಿಗೆ ಈ ಕೆಲಸದಲ್ಲಿ ಇಂಗ್ಲಿಷಿನವರಿಗಿಂತ ಜಾಸ್ತಿ ಅನುಕೂಲ ಇದೆ ಅಂತ ನನ್ನ ಗಟ್ಟಿ ನಂಬಿಕೆ. ನಮಗೆ ನೀನು-ನೀವು ಇದೆ. ಶ್ರೀನಿವಾಸ ಸೀನ ಆಗುವುದು, ಕೃಷ್ಣ ಕಿಟ್ಟಿ ಆಗುವುದು, ನಾರಾಯಣ ನಾಣಿ ಆಗುವುದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಯಾರು ಸೀನ ಅನ್ನಬಹುದು, ಯಾರು ಅನ್ನಬಾರದು ಅನ್ನುವುದೂ ಗೊತ್ತು. ಸ್ಲಾವಿಕ್ ಹೆಸರುಗಳು ನಡೆಯುವುದೂ ಇದೇ ದಾರಿಯಲ್ಲಿ.

ಹೆಜ್ಜೆ 1: ದೇಶ, ಹುಟ್ಟಿದ ವರ್ಷ, ಧರ್ಮ

ಹೆಸರು ಹುಡುಕುವ ಮುಂಚೆ ಈ ಮೂರನ್ನೂ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. 'ಸ್ಲಾವಿಕ್ ಹೆಸರು' ಅನ್ನುವ ಒಂದೇ ಗಂಟು ಎಲ್ಲೂ ಇಲ್ಲ. ಯಾರಾದರೂ ಬಂದು 'ನನಗೊಂದು ದ್ರಾವಿಡ ಹೆಸರು ಬೇಕು' ಅಂದರೆ ಬಸಪ್ಪ ಅನ್ನಬೇಕೋ ಮುರುಗೇಶನ್ ಅನ್ನಬೇಕೋ?

ಸ್ಲಾವಿಕ್ ಭಾಷೆಗಳಲ್ಲಿ ಮೂರು ಕವಲಿವೆ. ಪೂರ್ವದ್ದು ರಷ್ಯನ್, ಉಕ್ರೇನಿಯನ್, ಬೆಲರೂಸಿಯನ್. ಪಶ್ಚಿಮದಲ್ಲಿ ಪೋಲಿಷ್, ಚೆಕ್, ಸ್ಲೊವಾಕ್. ದಕ್ಷಿಣದಲ್ಲಿ ಸರ್ಬಿಯನ್, ಕ್ರೊಯೇಷಿಯನ್, ಬೋಸ್ನಿಯನ್, ಸ್ಲೊವೇನಿಯನ್, ಮ್ಯಾಸಿಡೋನಿಯನ್, ಬಲ್ಗೇರಿಯನ್. ಒಂದೇ ಹೆಸರು ಇವುಗಳಲ್ಲಿ ಬೇರೆ ಬೇರೆ ವೇಷ ಹಾಕುತ್ತದೆ. ರಷ್ಯಾದ ಇವಾನ್ ಪೋಲೆಂಡಿನಲ್ಲಿ ಯಾನ್, ಸರ್ಬಿಯಾದಲ್ಲಿ ಯೊವಾನ್, ಸ್ಲೊವೇನಿಯಾದಲ್ಲಿ ಯಾನೆಜ಼್. ರಷ್ಯಾದ ನಿಕೊಲಾಯ್ ಉಕ್ರೇನಿನಲ್ಲಿ ಮಿಕೋಲ, ಸರ್ಬಿಯಾದಲ್ಲಿ ನಿಕೊಲ. ರಷ್ಯಾದ ಯೆಲೇನ ಉಕ್ರೇನಿನಲ್ಲಿ ಒಲೇನ, ಪೋಲೆಂಡಿನಲ್ಲಿ ಹೆಲೇನ.

ಲ್ವಿವ್ ಊರನ್ನೇ ತೆಗೆದುಕೊಳ್ಳಿ. ಈಗ ಅದು ಉಕ್ರೇನಿನಲ್ಲಿದೆ. ಎರಡು ಮಹಾಯುದ್ಧಗಳ ನಡುವೆ ಪೋಲೆಂಡಿನಲ್ಲಿತ್ತು. ಅದಕ್ಕೂ ಮುಂಚೆ ಆಸ್ಟ್ರಿಯಾ ಸಾಮ್ರಾಜ್ಯದ್ದು. 1925ರಲ್ಲಿ ಅಲ್ಲಿ ಹುಟ್ಟಿದ ಹುಡುಗಿ ಪೋಲಿಷ್ ಕ್ಯಾಥೊಲಿಕ್ ಮನೆಯವಳಾದರೆ ಕತಝೀನ, ಮನೆಯಲ್ಲಿ ಕಾಶ. ಉಕ್ರೇನಿಯನ್ ಮನೆಯವಳಾದರೆ ಕತೆರೀನ, ಮನೆಯಲ್ಲಿ ಕತ್ರೂಸ್ಯ. ಊರು ಒಂದೇ, ವರ್ಷ ಒಂದೇ, ಬೀದಿಯೂ ಒಂದೇ ಇರಬಹುದು. ಬರೀ 'ಲ್ವಿವ್' ಅಂತ ಬರೆದುಕೊಂಡರೆ ಸಾಲದು.

ಧರ್ಮವನ್ನು ಬಿಡಬೇಡಿ. ಬೋಸ್ನಿಯಾದ ಮುಸ್ಲಿಮರು ಆಡುವುದು ಸ್ಲಾವಿಕ್ ಭಾಷೆಯೇ. ಅವರಲ್ಲಿ ಮುಸ್ತಫಾ ಮನೆಮಾತಿನಲ್ಲಿ ಮೂಯೊ ಆಗುತ್ತಾನೆ, ಸುಲೇಮಾನ್ ಸೂಲ್ಯೊ ಆಗುತ್ತಾನೆ. ಅರಬ್ಬಿ ಹೆಸರಿಗೆ ಸ್ಲಾವಿಕ್ ಬಾಲ. ನನಗೆ ತುಂಬ ಇಷ್ಟವಾದ ಹೆಸರುಗಳು ಇವು.

ಲಿಥುವೇನಿಯಾ, ಲಾಟ್ವಿಯಾ, ಎಸ್ಟೋನಿಯಾ, ಹಂಗೇರಿ, ರೊಮೇನಿಯಾ, ಜಾರ್ಜಿಯಾ ಸ್ಲಾವಿಕ್ ನಾಡುಗಳಲ್ಲ. ಸೋವಿಯತ್ ಒಕ್ಕೂಟದಲ್ಲೋ ಅದರ ಬಣದಲ್ಲೋ ಇದ್ದರು ಅಂದ ಮಾತ್ರಕ್ಕೆ ಎಲ್ಲರೂ ರಷ್ಯನ್ನರಲ್ಲ.

ಹೆಜ್ಜೆ 2: ಹುಟ್ಟಿದ ವರ್ಷಕ್ಕೆ ಹೊಂದುವ ಹೆಸರು

ಇಲ್ಲಿ ಎಡವುವವರೇ ಜಾಸ್ತಿ. ಸ್ವೆತ್ಲಾನ ಅನ್ನುವ ಹೆಸರು ಹಳೆಯ ರಷ್ಯಾದ ಹಾಗೆ ಕೇಳಿಸುತ್ತದೆ. ನಿಜವಾಗಿ ಅದು 19ನೇ ಶತಮಾನದ ಆರಂಭದಲ್ಲಿ ಕವಿತೆಗಳಲ್ಲಿ ಹುಟ್ಟಿದ ಹೆಸರು. ಚರ್ಚಿನ ಸಂತರ ಪಟ್ಟಿಯಲ್ಲಿ ಇಲ್ಲದ ಕಾರಣ ಆಗ ಮಕ್ಕಳಿಗೆ ಆ ಹೆಸರಿನಲ್ಲಿ ದೀಕ್ಷಾಸ್ನಾನ ಆಗುತ್ತಿರಲಿಲ್ಲ. 1917ರ ಕ್ರಾಂತಿಯಾದ ಮೇಲೆ ಅದು ಮನೆಮನೆಗೆ ಬಂತು. ಸ್ಟಾಲಿನ್ ಮಗಳು ಸ್ವೆತ್ಲಾನ, 1926ರಲ್ಲಿ ಹುಟ್ಟಿದವಳು. ನಿಮ್ಮ ಕತೆ 1600ರಲ್ಲಿ ನಡೆಯುತ್ತಿದ್ದರೆ ಸ್ವೆತ್ಲಾನಳನ್ನು ಅಲ್ಲಿ ಕೂರಿಸಬೇಡಿ.

ಕ್ರೈಸ್ತ ಧರ್ಮ ಬರುವ ಮುಂಚಿನ ಹೆಸರುಗಳಲ್ಲಿ ಎಷ್ಟೋ ಎರಡು ಪದ ಸೇರಿ ಆದವು. 'ಸ್ಲಾವ್' ಅಂದರೆ ಕೀರ್ತಿ. ಯರಸ್ಲಾವ್, ಮ್ಸ್ತಿಸ್ಲಾವ್, ಪೋಲಿಷರ ಬೊಲೆಸ್ವಾವ್ ಎಲ್ಲ ಈ ಗುಂಪಿನವು. 988ರಲ್ಲಿ ಕೀವ್‌ನ ದೊರೆ ವ್ಲದೀಮಿರ್ ಕ್ರೈಸ್ತನಾದ. ಆಗ ಅವನಿಗೆ ವಸೀಲಿ ಅನ್ನುವ ಇನ್ನೊಂದು ಹೆಸರು ಬಂತು. ಅಲ್ಲಿಂದ ಗ್ರೀಕ್ ಹೆಸರುಗಳ ಹೊಳೆಯೇ ಹರಿಯಿತು. ಓಲ್ಗ, ಒಲೇಗ್, ಈಗೊರ್ ಅಪ್ಪಟ ರಷ್ಯನ್ ಅನ್ನಿಸಿದರೂ ಉತ್ತರದ ಸ್ಕ್ಯಾಂಡಿನೇವಿಯಾದಿಂದ ಬಂದವು.

ತ್ಸಾರ್ ದೊರೆಗಳ ಕಾಲದ ಹಳ್ಳಿಯಲ್ಲಿ ಮಗುವಿಗೆ ಹೆಸರು ಹುಡುಕುತ್ತಿದ್ದದ್ದು ಪಾದ್ರಿಯ ಬಳಿಯ ಸಂತರ ಪಂಚಾಂಗದಲ್ಲಿ. ಹೀಗಾಗಿ ರೈತರ ಮನೆಗಳಲ್ಲಿ ಮತ್ರ್ಯೋನ, ಪೆಲಗೇಯ, ಅಗಾಫ್ಯ, ಪ್ರಸ್ಕೋವ್ಯ ಅನ್ನುವ ಹೆಸರುಗಳು. 1917ರ ನಂತರ ಗಾಳಿ ಪೂರ್ತಿ ತಿರುಗಿತು. ವ್ಲದೀಮಿರ್ ಲೆನಿನ್ ಸೇರಿ ವ್ಲದ್ಲೇನ್, ಲೆನಿನ್ ತಿರುಗಿಸಿದರೆ ನಿನೇಲ್, ಮಾರ್ಕ್ಸ್-ಲೆನಿನ್ ಸೇರಿ ಮರ್ಲೇನ್. ನಿನೇಲ್ ಅಂತ ಒಬ್ಬ ಅಜ್ಜಿ ನಿಮ್ಮ ಕತೆಯಲ್ಲಿ ಬಂದರೆ, ಅವಳ ಅಪ್ಪ-ಅಮ್ಮ ಎಂಥವರು ಅಂತ ವಿವರಿಸಲು ಬೇರೆ ಪ್ಯಾರಾ ಬೇಕಿಲ್ಲ.

ಹೆಸರಿನ ಅರ್ಥ ಎಲ್ಲ ಕಡೆ ಮುಖ್ಯ ಅಲ್ಲ, ಕೆಲವು ಕಡೆ ಅದೇ ಕತೆ. ಸರ್ಬಿಯನ್ ಭಾಷೆಯನ್ನು ತಿದ್ದಿ ಕಟ್ಟಿದ ವೂಕ್ ಕರಜಿಚ್ 1787ರಲ್ಲಿ ಹುಟ್ಟಿದ. ಅವನಿಗಿಂತ ಮುಂಚೆ ಹುಟ್ಟಿದ ಮಕ್ಕಳು ಉಳಿದಿರಲಿಲ್ಲ. ಮಾಟಗಾತಿಯರು ತೋಳದ ತಂಟೆಗೆ ಬರುವುದಿಲ್ಲ ಅಂತ ಮನೆಯವರು ಮಗನಿಗೆ ವೂಕ್, ಅಂದರೆ ತೋಳ, ಅಂತಲೇ ಹೆಸರಿಟ್ಟರು. ಮಕ್ಕಳು ಉಳಿಯದ ಮನೆಯಲ್ಲಿ ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ ತಿಪ್ಪ, ತಿಪ್ಪಮ್ಮ ಅಂತ ಹೆಸರಿಟ್ಟ ನಮ್ಮ ಹಿರಿಯರಿಗೆ ಈ ತಾಯಿಯ ಭಯ ತಕ್ಷಣ ಅರ್ಥವಾಗುತ್ತಿತ್ತು.

ಹೆಜ್ಜೆ 3: ಮನೆತನದ ಹೆಸರು

ರಷ್ಯನ್ನರಲ್ಲಿ ಅಣ್ಣ ಪೆತ್ರೋವ್ ಆದರೆ ತಂಗಿ ಪೆತ್ರೋವ. ಗಂಡ ದೊಸ್ತೊಯೆವ್ಸ್ಕಿ ಆದರೆ ಹೆಂಡತಿ ದೊಸ್ತೊಯೆವ್ಸ್ಕಯ. ಪೋಲಿಷರಲ್ಲಿ ಸ್ಕಿ ಇದ್ದದ್ದು ಸ್ಕ ಆಗುತ್ತದೆ. ಚೆಕ್ಕರಲ್ಲಿ ನೋವಾಕ್‌ನ ಹೆಂಡತಿ ನೋವಾಕೊವಾ. 2022ರಿಂದ ಅಲ್ಲಿ ಹೆಂಗಸರು ಬಾಲವಿಲ್ಲದ ಹೆಸರನ್ನೂ ಆರಿಸಿಕೊಳ್ಳಬಹುದು. ಅಂದರೆ ಇವತ್ತಿನ ಪ್ರಾಗ್ ಹುಡುಗಿಗೆ ಇದು ಒಂದು ಆಯ್ಕೆ, ಅವಳ ಅಜ್ಜಿಗೆ ಆಯ್ಕೆ ಇರಲಿಲ್ಲ.

ಉಕ್ರೇನಿನ ಎಂಕೊ, ಚುಕ್ ಬಾಲಗಳು ಗಂಡು-ಹೆಣ್ಣಿಗೆ ಬದಲಾಗುವುದಿಲ್ಲ. ಸರ್ಬಿಯಾ, ಕ್ರೊಯೇಷಿಯಾ, ಬೋಸ್ನಿಯಾಗಳ 'ಇಚ್' ಕೂಡ ಹಾಗೇ. ಶೆವ್ಚೆಂಕೊಳನ್ನು ಶೆವ್ಚೆಂಕೊವ ಮಾಡಬೇಡಿ.

ರಷ್ಯಾದಲ್ಲಿ ಜೀತದ ರೈತರಿಗೆ 1861ರಲ್ಲಿ ಬಿಡುಗಡೆ ಆಗುವವರೆಗೆ ಎಷ್ಟೋ ಮನೆಗಳಲ್ಲಿ ಖಾಯಂ ಮನೆತನದ ಹೆಸರೇ ಇರಲಿಲ್ಲ. 1800ರ ಹಳ್ಳಿಯ ಕತೆಗೆ ಅದನ್ನು ಬಲವಂತವಾಗಿ ತುರುಕುವುದು ಬೇಡ.

ಹೆಜ್ಜೆ 4: ಅಪ್ಪನ ಹೆಸರು

ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿ ಎಸ್ಟೇಟ್ ಗೊತ್ತಲ್ಲ? ಅಲ್ಲಿ ನಟಿ ದೇವಿಕಾ ರಾಣಿಯ ಜೊತೆ ಬಾಳಿದ ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್ ನಮಗೆ ರೋರಿಕ್. ರಷ್ಯನ್ನರು ಮರ್ಯಾದೆಯಿಂದ ಕರೆಯುವಾಗ 'ಸ್ವ್ಯತೊಸ್ಲಾವ್ ನಿಕೊಲಾಯೆವಿಚ್' ಅನ್ನುತ್ತಾರೆ. ಅಪ್ಪ ನಿಕೊಲಾಯ್ ರೋರಿಕ್, ಅದಕ್ಕೆ. ಅಣ್ಣ ಯೂರಿಯೂ ನಿಕೊಲಾಯೆವಿಚ್. ತಾಯಿ ಮಾತ್ರ ಯೆಲೇನ ಇವಾನೊವ್ನ, ಯಾಕೆಂದರೆ ಅವರ ಅಪ್ಪ ಇವಾನ್. ಮದುವೆಯಾದರೆ ಮನೆತನದ ಹೆಸರು ಬದಲಾಗಬಹುದು, ಅಪ್ಪ ಬದಲಾಗುವುದಿಲ್ಲವಲ್ಲ.

ಕಟ್ಟುವುದು ಸುಲಭ. ಇವಾನ್‌ಗೆ ಮಗ ಇವಾನೊವಿಚ್, ಮಗಳು ಇವಾನೊವ್ನ. ಸೆರ್ಗೇಯ್‌ಗೆ ಸೆರ್ಗೇಯೆವಿಚ್, ಸೆರ್ಗೇಯೆವ್ನ. ಇಲ್ಯಾಗೆ ಇಲ್ಯಿಚ್, ಇಲ್ಯಿನಿಚ್ನ. ನಿಕೀತನಿಗೆ ನಿಕೀತಿಚ್ (ಅಫನಾಸಿಯ 'ನಿಕಿತಿನ್' ಹಳೆಯ ಕಾಲದ ರೂಪ). ಉಕ್ರೇನಿನಲ್ಲಿ ಪೆತ್ರೊನ ಮಗಳು ಪೆತ್ರಿವ್ನ. ಬಲ್ಗೇರಿಯಾದಲ್ಲಿ 'ವಿಚ್' ಇಲ್ಲ. ಇವಾನ್‌ನ ಮಗ ಗೆಯೋರ್ಗಿ ಆದರೆ ನಡುವಿನ ಹೆಸರು ಇವಾನೊವ್. ಪೋಲಿಷ್, ಚೆಕ್ ಪಾತ್ರಕ್ಕೆ ಇದನ್ನು ಹಚ್ಚಲೇಬೇಡಿ, ಅವರಲ್ಲಿ ಈ ಪದ್ಧತಿ ಇಲ್ಲ.

ಅಪ್ಪನ ಪೂರ್ತಿ ಹೆಸರಿನಿಂದಲೇ ಕಟ್ಟಿ. ಅಲೆಕ್ಸಾಂದ್ರ್ ಅನ್ನುವ ಅಪ್ಪನನ್ನು ಊರೆಲ್ಲ ಸಾಶ ಅಂದರೂ ಮಗ ಅಲೆಕ್ಸಾಂದ್ರೊವಿಚ್. ಬೇಗ ಬೇಗ ಮಾತಾಡುವಾಗ ಇವು ಸವೆಯುತ್ತವೆ: ಇವಾನೊವಿಚ್ ಇವಾನಿಚ್ ಆಗುತ್ತದೆ, ಪಾವ್ಲೊವಿಚ್ ಪಾಲಿಚ್, ಅಲೆಕ್ಸಾಂದ್ರ್ ಅಲೆಕ್ಸಾಂದ್ರೊವಿಚ್ ಅನ್ನುವ ಉದ್ದದ ಹೆಸರು ಸಾನ್ ಸಾನಿಚ್. ಸಂಭಾಷಣೆಯಲ್ಲಿ ಇವನ್ನು ಬಳಸಿದರೆ ಮಾತು ಎದ್ದು ಕೂರುತ್ತದೆ.

ಹೆಜ್ಜೆ 5: ಕರೆಯುವ ಹೆಸರು

'ಅಡ್ಡಹೆಸರು' ಅಂದರೆ ಉತ್ತರ ಕರ್ನಾಟಕದಲ್ಲಿ ಮನೆತನದ ಹೆಸರು. ಗೊಂದಲ ಬೇಡ ಅಂತ ಮನೆಯವರು, ಗೆಳೆಯರು ಬಳಸುವ ಸಲಿಗೆಯ ಹೆಸರನ್ನು ನಾನು 'ಕರೆಯುವ ಹೆಸರು' ಅನ್ನುತ್ತೇನೆ.

ಮೊದಲ ನಿಯಮ: ಸುಮ್ನೆ ಹೆಸರಿನ ಬಾಲ ಕತ್ತರಿಸಿ ಮುದ್ದು ಹೆಸರು ಮಾಡಬೇಡಿ. ಪ್ರತಿ ಹೆಸರಿಗೂ ರೂಢಿಯಲ್ಲಿ ನಡೆದುಬಂದ ರೂಪಗಳಿವೆ. ರಷ್ಯಾದಲ್ಲಿ ದ್ಮೀತ್ರಿ ದೀಮ ಅಥವಾ ಮೀತ್ಯ. ವ್ಲದೀಮಿರ್ ವೊಲೋದ್ಯ ಅಥವಾ ವೋವ. ಪಾವೆಲ್ ಪಾಶ. ಗ್ರಿಗೋರಿ ಗ್ರೀಶ. ಯೆವ್ಗೇನಿ ಝೇನ್ಯ, ಯೆವ್ಗೇನಿಯ ಅನ್ನುವ ಹೆಂಗಸೂ ಝೇನ್ಯ. ಸಾಶ ಕೂಡ ಇಬ್ಬರಿಗೂ ಆಗುತ್ತದೆ. ಪೋಲೆಂಡಿಗೆ ಹೋದರೆ ಅಲೆಕ್ಸಾಂದ್ರ ಅನ್ನುವವಳು ಓಲ ಆಗುತ್ತಾಳೆ. ಮವ್‌ಗೊಝಾತ ಗೋಶ, ಯಾಕುಬ್ ಕೂಬ, ವೊಯ್ಚೆಖ್ ವೊಯ್ತೆಕ್. ಚೆಕ್ಕರ ಯಾನ್ ಹೊಂಜ಼, ಯೋಸೆಫ್ ಪೆಪ. ಬಲ್ಗೇರಿಯಾದ ಗೆಯೋರ್ಗಿ ಗೋಶೊ, ಪೆತರ್ ಪೇಶೊ.

ಎರಡನೆಯದು, ಯಾರು ಕರೆಯುತ್ತಾರೆ ಅನ್ನುವುದು. ಒಂದು ಪಾತ್ರವನ್ನೇ ಕಟ್ಟಿ ನೋಡೋಣ. ಕರ್ನಾಟಕದಿಂದ ಎಷ್ಟೋ ಮಕ್ಕಳು ಡಾಕ್ಟರ್ ಓದಲು ಉಕ್ರೇನಿನ ಖಾರ್ಕಿವ್‌ಗೆ ಹೋಗುತ್ತಿದ್ದರು. ವರ್ಷ 2015. ಹುಬ್ಬಳ್ಳಿಯ ಹುಡುಗನೊಬ್ಬ ಅಲ್ಲಿನ ಹಾಸ್ಟೆಲಿನಲ್ಲಿದ್ದಾನೆ. ಬಾಗಿಲ ಬಳಿ ಕೂತು ಹೋಗಿಬರುವವರನ್ನು ನೋಡಿಕೊಳ್ಳುವ ಹೆಂಗಸು 1958ರಲ್ಲಿ ಹುಟ್ಟಿದವರು. ಆ ಕಾಲಕ್ಕೆ ಲ್ಯುದ್ಮೀಲ ತುಂಬ ನಡೆಯುತ್ತಿದ್ದ ಹೆಸರು. ಅಪ್ಪ ವಸೀಲಿ. ಮನೆತನ ಬೊಂದರೆಂಕೊ, ಪೀಪಾಯಿ ಮಾಡುವವರ ವಂಶ. ಖಾರ್ಕಿವ್‌ನಲ್ಲಿ ರಷ್ಯನ್ ಆಡುವವರು ಬಹಳ, ಹಾಗಾಗಿ ಎಲ್ಲರ ಬಾಯಲ್ಲಿ ಅವರು ಲ್ಯುದ್ಮೀಲ ವಸೀಲ್ಯೆವ್ನ. ಪಾಸ್‌ಪೋರ್ಟಿನಲ್ಲಿ ಮಾತ್ರ ಉಕ್ರೇನಿಯನ್ ರೂಪದ ಅಪ್ಪನ ಹೆಸರು, ವಸಿಲಿವ್ನ.

ರಾತ್ರಿ ಹನ್ನೊಂದೂವರೆ. ಬಾಗಿಲು ಹಾಕಿದೆ. ಹುಡುಗ ಹಿಮದಲ್ಲಿ ನಿಂತು ಗಾಜು ತಟ್ಟುತ್ತಾನೆ.

"ಲ್ಯುದ್ಮೀಲ ವಸೀಲ್ಯೆವ್ನ, ನೀವು ದಯವಿಟ್ಟು ಬಾಗಿಲು ತೆಗೀತೀರಾ?"

ಒಳಗೆ ಮೆಟ್ಟಿಲ ಮೇಲಿಂದ ಅವರ ಗೆಳತಿಯ ಕೂಗು: "ಲ್ಯೂದ್! ಯಾರೇ ಅದು?"

ಅದೇ ಹೊತ್ತಿಗೆ ಫೋನಿನಲ್ಲಿ ಗಂಡ: "ಲ್ಯೂಸ್ಯ, ಊಟ ಮಾಡಿದ್ಯಾ?"

ಅಮ್ಮ ಬದುಕಿದ್ದರೆ ಲ್ಯೂದೊಚ್ಕ ಅನ್ನುತ್ತಿದ್ದರು. ಅಣ್ಣ ರೇಗಿಸುವಾಗ ಲ್ಯೂದ್ಕ. ಮೊಮ್ಮಗನಿಗೆ ಬಾಬ ಲ್ಯೂದ, ಅಂದರೆ ಲ್ಯೂದ ಅಜ್ಜಿ. ಹುಡುಗ ಅವರನ್ನು ಒಂದು ಸಲ ಲ್ಯೂದ್ಕ ಅಂದರೆ ಆ ವರ್ಷವಿಡೀ ಬಾಗಿಲು ತೆರೆಯುವುದು ಕಷ್ಟ.

ಈ 'ಕ' ಬಾಲದ ಬಗ್ಗೆ ಎಚ್ಚರ. ಇವಾನ್‌ಗೆ ವಾನ್ಯ ಸಲಿಗೆ, ವಾನೆಚ್ಕ ಮುದ್ದು, ವಾನ್ಕ ಒರಟು. ಮಕ್ಕಳ ನಡುವೆ, ಒಡಹುಟ್ಟಿದವರ ನಡುವೆ ವಾನ್ಕ ನಡೆಯುತ್ತದೆ. ದೊಡ್ಡವರ ನಡುವೆ ಅದು ನಮ್ಮ 'ಲೋ' ಇದ್ದಂತೆ. ಹಳೆಯ ಮಾಸ್ಕೋದಲ್ಲಿ ದೊರೆಗೆ ಅರ್ಜಿ ಬರೆಯುವವರು ತಮ್ಮನ್ನೇ 'ನಿಮ್ಮ ಆಳು ಇವಾಶ್ಕೊ' ಅಂತ ಕುಗ್ಗಿಸಿಕೊಂಡು ಬರೆಯಬೇಕಿತ್ತು. ಪೀಟರ್ ದೊರೆ 1701ರ ಕೊನೆಯಲ್ಲಿ ಅದನ್ನು ನಿಲ್ಲಿಸಿ, ಪೂರ್ತಿ ಹೆಸರು ಬರೆಯಿರಿ ಅಂದ.

ಬರೀ ಅಪ್ಪನ ಹೆಸರಿನಿಂದ ಕರೆಯುವುದೂ ಉಂಟು. ಕಾರ್ಖಾನೆಯ ಹಳೆ ಕೆಲಸಗಾರ 'ಪೆತ್ರೋವಿಚ್', ಹಳ್ಳಿಯ ಅಜ್ಜಿ 'ಪೆತ್ರೋವ್ನ'. ಮರ್ಯಾದೆಯೂ ಇದೆ, ಆತ್ಮೀಯತೆಯೂ ಇದೆ. ಲೆನಿನ್‌ನನ್ನು ಜನ ಇಲ್ಯಿಚ್ ಅನ್ನುತ್ತಿದ್ದದ್ದು ಹೀಗೆಯೇ.

ಕೂಗಿ ಕರೆಯುವಾಗ ರೂಪ ಮತ್ತೆ ಬದಲಾಗುತ್ತದೆ. ರಷ್ಯನ್ನರು ಕೊನೆಯ ಸ್ವರ ನುಂಗುತ್ತಾರೆ: ಮಾಶ 'ಮಾಶ್!' ಆಗುತ್ತಾಳೆ. ಪೋಲಿಷರಲ್ಲಿ ಕಾಶ 'ಕಾಶು!', ತೊಮೆಕ್ 'ತೊಮ್ಕು!'. ಉಕ್ರೇನಿನಲ್ಲಿ ಇವಾನ್ 'ಇವಾನೆ!', ಒಲೇನ 'ಒಲೇನೊ!'. ರಾಮ 'ರಾಮಾ' ಆಗುವ ನಮ್ಮ ಸಂಬೋಧನೆಯ ಹಾಗೆ. ಪೋಲಿಷರಲ್ಲಿ ಮರ್ಯಾದೆಗೆ ಪಾನ್ (ಗಂಡಸರಿಗೆ), ಪಾನಿ (ಹೆಂಗಸರಿಗೆ) ಅಂತ ಸೇರಿಸುತ್ತಾರೆ.

ನೀವು-ನೀನು ಅನ್ನೂ ಹೆಸರಿನ ಜೊತೆ ಕಟ್ಟಿ. ಇವಾನ್ ಪೆತ್ರೋವಿಚ್ ಅಂದರೆ ನೀವು. ವಾನ್ಯ ಅಂದರೆ ಬಹುಪಾಲು ನೀನು. ಒಂದರಿಂದ ಇನ್ನೊಂದಕ್ಕೆ ಹೋಗುವ ಕ್ಷಣ ಕತೆಯಲ್ಲಿ ಒಂದು ಘಟನೆ. ಅದನ್ನು ಯಾವ ಪುಟದಲ್ಲಿ ಇಡಬೇಕು ಅಂತ ಮೊದಲೇ ಯೋಚಿಸಿ.

ಹೆಜ್ಜೆ 6: ಕನ್ನಡ ಅಕ್ಷರಕ್ಕೆ ಇಳಿಸುವುದು

ಇಂಗ್ಲಿಷ್ ಸ್ಪೆಲ್ಲಿಂಗ್ ನೋಡಿ ಬರೆಯಬೇಡಿ, ದನಿ ಕೇಳಿ ಬರೆಯಿರಿ. ಸ್ಲಾವಿಕ್ ಭಾಷೆಗಳಲ್ಲಿ ನಾಲಿಗೆ ಹಲ್ಲಿಗೆ ತಾಗುತ್ತದೆ. ಹಾಗಾಗಿ ತ, ದ ಸರಿ. ಟ, ಡ ಇಂಗ್ಲಿಷಿನ ಮೂಲಕ ಬಂದವು. ತಾನ್ಯ, ದೀಮ, ವ್ಲದೀಮಿರ್ ಅಂತ ಒಮ್ಮೆ ಜೋರಾಗಿ ಹೇಳಿ ನೋಡಿ. ನಮ್ಮ ಅಕ್ಷರ ಎಷ್ಟು ಚೆನ್ನಾಗಿ ಕೂರುತ್ತದೆ!

ಪೋಲಿಷ್, ಚೆಕ್, ಕ್ರೊಯೇಷಿಯನ್ ಲಿಪಿಯಲ್ಲಿ 'ಜೆ' ಅಕ್ಷರ ಕಂಡರೆ ಅದು ಯ. 'ಜಾನ್' ಅಲ್ಲ, ಯಾನ್. ಪೋಲಿಷಿನಲ್ಲಿ 'ಡಬ್ಲ್ಯು' ವ ಆಗುತ್ತದೆ, ಅಡ್ಡಗೆರೆ ಇರುವ 'ಎಲ್' ಉಕಾರದ ಕಡೆ ಜಾರುತ್ತದೆ.

ಕೊನೆಯ 'ಅ' ಬಗ್ಗೆ ನನ್ನದೊಂದು ಖಚಿತ ಅಭಿಪ್ರಾಯ. ಮೀಶಾ, ನಿಕಿತಾ ಅಂತ ದೀರ್ಘ ಎಳೆದರೆ ಕನ್ನಡದ ಕಿವಿಗೆ ಹುಡುಗಿ ಕಾಣುತ್ತಾಳೆ. ಮೀಶ, ನಿಕೀತ ಅಂತ ಗಿಡ್ಡ ಬರೆದರೆ ಸುರೇಶ, ಮಹೇಶರ ಸಾಲಿಗೆ ಸೇರುತ್ತಾರೆ. ಇದು ಮೂಲಕ್ಕೂ ಹತ್ತಿರ, ಯಾಕೆಂದರೆ ಅಲ್ಲಿ ಒತ್ತು ಬೀಳುವುದು ಆ ಕೊನೆಯ 'ಅ'ಗಿಂತ ಹಿಂದಿನ ಸ್ವರಕ್ಕೆ. ಇಲ್ಯಾದಲ್ಲಿ ಒತ್ತು ಕೊನೆಗೆ ಇರುವುದರಿಂದ ಅಲ್ಲಿ ದೀರ್ಘ ಇರಲಿ. ಸಾಶ ಗಂಡೋ ಹೆಣ್ಣೋ ಅನ್ನುವ ಗೊಂದಲವನ್ನು ನಮ್ಮ ಕ್ರಿಯಾಪದವೇ ಬಿಡಿಸುತ್ತದೆ: ಸಾಶ ಬಂದ, ಸಾಶ ಬಂದಳು.

ಹೆಜ್ಜೆ 7: ಪರೀಕ್ಷೆ

ಹೆಸರಿನ ಸಿದ್ಧಪಟ್ಟಿಗಳನ್ನು ಪೂರ್ತಿ ನಂಬಬೇಡಿ. ಅವುಗಳಲ್ಲಿ 10ನೇ ಶತಮಾನದ್ದೂ ಇವತ್ತಿನದೂ ಒಟ್ಟಿಗೆ ಕಲಸಿರುತ್ತವೆ. ಅದಕ್ಕಿಂತ ಆ ಕಾಲದ ನಿಜವಾದ ಜನರ ಪಟ್ಟಿ ನೋಡಿ. 1957ರ ಸುಮಾರಿಗೆ ಹುಟ್ಟಿದ ಸೋವಿಯತ್ ಪಾತ್ರ ಬೇಕೇ? 1980ರ ಮಾಸ್ಕೋ ಒಲಿಂಪಿಕ್ಸ್‌ನ ಸೋವಿಯತ್ ತಂಡದ ಹೆಸರುಗಳನ್ನು ಓದಿ. ಅವರಲ್ಲಿ ಬಹಳ ಜನ ಅದೇ ವಯಸ್ಸಿನವರು. ಪೋಲೆಂಡ್ ಸರ್ಕಾರ ಪ್ರತಿವರ್ಷ ಮಕ್ಕಳಿಗೆ ಇಟ್ಟ ಹೆಸರುಗಳ ಪಟ್ಟಿ ಪ್ರಕಟಿಸುತ್ತದೆ. ಮೊದಲ ಹೆಸರು ಒಂದು ಕಡೆಯಿಂದ, ಮನೆತನ ಇನ್ನೊಂದು ಕಡೆಯಿಂದ ತೆಗೆಯಿರಿ. ನಿಜವಾದ ಒಬ್ಬರ ಪೂರ್ತಿ ಹೆಸರು ಪಾತ್ರಕ್ಕೆ ಬರಬಾರದು. ಆ ಭಾಷೆ ಆಡುವ ಒಬ್ಬರಿಗೆ ತೋರಿಸಿ, 'ಈ ಹೆಸರಿನವರಿಗೆ ಎಷ್ಟು ವಯಸ್ಸು ಅನ್ನಿಸುತ್ತದೆ?' ಅಂತ ಮಾತ್ರ ಕೇಳಿ. ಅವರು ಹೇಳುವ ವಯಸ್ಸು ನಿಮ್ಮ ಹಾಳೆಯಲ್ಲಿರುವ ವರ್ಷಕ್ಕೆ ಹೊಂದಬೇಕು.

ಕೊನೆಗೆ ಓದುಗರ ಕಡೆಯಿಂದ ನೋಡಿ. ಒಂದೇ ಕತೆಯಲ್ಲಿ ಮೀಶ, ಮೀತ್ಯ, ಮಾಶ ಮೂವರೂ ಬೇಡ. ಒಬ್ಬರಿಗೆ ಐದು ರೂಪ ಇದ್ದರೂ ಕತೆ ಹೇಳುವ ದನಿ ಒಂದನ್ನೇ ಬಳಸಲಿ, ಉಳಿದವು ಪಾತ್ರಗಳ ಬಾಯಲ್ಲಿ ಬರಲಿ. ಹೊಸ ರೂಪ ಬರುವಾಗ ಯಾರನ್ನು ಕರೆದದ್ದು ಅಂತ ಪಕ್ಕದಲ್ಲೇ ಗೊತ್ತಾಗಬೇಕು. ಫೋನಿನಲ್ಲಿ ಗಂಡ "ಲ್ಯೂಸ್ಯ" ಅಂದ ಕೂಡಲೇ ಲ್ಯುದ್ಮೀಲ ವಸೀಲ್ಯೆವ್ನ ಕನ್ನಡಕ ತೆಗೆದಿಟ್ಟು, ದನಿ ತಗ್ಗಿಸಿ, "ಹ್ಞೂಂ, ಮಾಡಿದೆ" ಅನ್ನಲಿ. ಲ್ಯೂಸ್ಯ ಯಾರು ಅಂತ ಹುಬ್ಬಳ್ಳಿಯ ಹುಡುಗನಿಗೂ ಗೊತ್ತಾಗುತ್ತದೆ.